ಕಾರ್ಕಳಕ್ಕೆ ಒಯ್ದ ಬಲೆಯ ತುಂಡು

ಇದು ಆಗುವ ಕೆಲಸವಲ್ಲ ಎಂದವರು ನನ್ನ ಸೋದರಮಾವ ಮೋನಪ್ಪ. ಕಾಪುವಿನ ನಮ್ಮ ಮೀನುಗಾರ ಮನೆಯಲ್ಲಿ ಅವರ ಮಾತೇ ಕಡೆಯದು.

"ಬಿ.ಎ. ಆಯಿತಲ್ಲ, ಸಾಲದಾ? ಕಾಗದ ಅಂಟಿಸಲಿಕ್ಕೆ ಕಾರ್ಕಳಕ್ಕೆ ಹೋಗುವುದುಂಟಾ? ನೀನು ಬೆಕ್ಕು ಬರೆದರೆ ಬಂಗುಡೆ ಮೀನಿನ ಹಾಗೆ ಕಾಣ್ತದೆ!"

ಅದು ಸುಳ್ಳಲ್ಲ. ಆದರೆ ರಜೆಯ ಕಲಾ ಶಿಬಿರದ ಸರ್ಟಿಫಿಕೇಟ್ ತಂದರೆ ಡ್ರಾಯಿಂಗ್ ಟೀಚರ್ ಕೆಲಸ ನನಗೆ, ತರದಿದ್ದರೆ ಬೇರೆಯವರಿಗೆ ಎಂದು ನಮ್ಮೂರ ಶಾಲೆಯ ಹೆಡ್‌ಮಾಸ್ತರರು ಹೇಳಿಬಿಟ್ಟಿದ್ದರು. ಮನೆಯ ಮೊದಲ ಪದವೀಧರೆ ನಾನು. ಕಷ್ಟಪಟ್ಟು ಪಡೆದ ಪದವಿ ಬರೀ ಗೋಡೆಯಲ್ಲಿ ನೇತಾಡುವುದು ನನಗೆ ಬೇಡವಾಗಿತ್ತು.

ಅರವತ್ತರ ದಶಕದ ಆರಂಭದ ಒಂದು ಮೇ ತಿಂಗಳು. ನಾನು ಹಟ ಬಿಡಲಿಲ್ಲ; ಹೆಣ್ಣುಮಗಳನ್ನು ಒಬ್ಬಳನ್ನೇ ಕಳಿಸಲಾರದೆ ಮಾವನೂ ಬಸ್ಸು ಹತ್ತಿದರು. ಉಡುಪಿಯಲ್ಲಿ ಬಸ್ಸು ಬದಲಿಸಿದೆವು. ಮಣಿಪಾಲದ ಏರಿನಲ್ಲಿ ಬಸ್ಸು ಏದುಸಿರು ಬಿಟ್ಟಿತು. ಕೆಂಪು ಧೂಳಿನ ನಡುವೆ ಹೊಸ ಕಟ್ಟಡಗಳು ಏಳುತ್ತಿದ್ದವು. ಹಿರಿಯಡ್ಕದಲ್ಲಿ ಬಿಸಿ ಗೋಳಿಬಜೆ ತಿಂದು, ಚಾ ಕುಡಿದೆವು. ಅಲ್ಲಿಂದ ಮುಂದೆ ಗಾಳಿಯಲ್ಲಿ ಕಡಲಿನ ವಾಸನೆಯೇ ಇರಲಿಲ್ಲ. ಕಾರ್ಕಳದ ಕರಿಬಂಡೆಗಳು ಬಿಸಿಲಿಗೆ ಕಾದಿದ್ದವು. ಶಿಬಿರ ನಡೆಸುತ್ತಿದ್ದ ಸೆರಫಿನಾ ಬಾಯಿಯವರ ಮನೆಯಲ್ಲೇ ನನಗೆ ವಸತಿ. ನನ್ನನ್ನು ಬಿಟ್ಟು ಮಾವ ಮರಳಿದರು.

"ಇದಕ್ಕೆ ಕೊಲಾಜ್ ಅಂತ ಹೆಸರು. ಹರಿಯಿರಿ, ಹೊಂದಿಸಿ, ಅಂಟಿಸಿ," ಎಂದು ಬಾಯಿಯವರು ಹಳೆಯ ಪತ್ರಿಕೆಗಳನ್ನು ಹಂಚಿದರು. ಎಲ್ಲರೂ ಹರಿದರು. ನನಗೆ ಕೈ ಬರಲಿಲ್ಲ. ಅಕ್ಷರವಿರುವ ಕಾಗದ ಕಾಲಿಗೆ ತಾಗಿದರೂ ಕಣ್ಣಿಗೊತ್ತಿಕೊಳ್ಳುವ ಮನೆ ನಮ್ಮದು.

"ಎಂತ ಮಾರಾಯ್ತಿ, ಓದ್ತಾ ಕೂತದ್ದಾ?" ಎಂದು ಬಾಯಿಯವರು ನಕ್ಕರು. ಕೊನೆಗೆ ಅಕ್ಷರವಿಲ್ಲದ ಅಂಚುಗಳನ್ನು ಮಾತ್ರ ಹರಿದೆ.

ಶಿಬಿರದ ಕೊನೆಯ ಚಿತ್ರಕ್ಕೆ ಕಡಲನ್ನು ಆರಿಸಿಕೊಂಡೆ. ರಟ್ಟಿನ ಮೇಲೆ ನೀಲಿ ಬಳಿದು, ಸೀರೆಯ ಚೂರುಗಳಿಂದ ಅಲೆ ಮಾಡಿ, ಮನೆಯಿಂದ ತಂದ ಹಳೆಯ ಬಲೆಯ ತುಂಡನ್ನು ಮೈದಾ ಅಂಟಿನಿಂದ ಕೂರಿಸಿದೆ. ಕಡಲಿನ ವಾಸನೆ ಹೋಗಬಾರದೆಂದು ಅದನ್ನು ತೊಳೆದಿರಲಿಲ್ಲ. ಕೊನೆಯ ದಿನ ಬೆಳಿಗ್ಗೆ ನೋಡಿದರೆ ಉಪ್ಪು ತಿಂದ ನೂಲು ಸೆಕೆಗೆ ಬೆವತು, ಅಂಟು ಒಣಗದೆ, ಬಲೆ ಜಾರಿ ಮೇಜಿನ ಮೇಲೆ ಬಿದ್ದಿತ್ತು.

"ನಿಲ್ಲದ ಚಿತ್ರಕ್ಕೆ ಸರ್ಟಿಫಿಕೇಟ್ ಹೇಗೆ ಕೊಡಲಿ? ಮಧ್ಯಾಹ್ನದ ಒಳಗೆ ಎಂತಾದರೂ ಮಾಡು," ಎಂದರು ಬಾಯಿ.

ತೊಳೆದು ಒಣಗಿಸಲು ಹೊತ್ತಿರಲಿಲ್ಲ. ಅಳು ಬಂತು, ಅಳಲಿಲ್ಲ. ಬಾಯಿಯವರ ಗೋಣಿ ಹೊಲಿಯುವ ದಬ್ಬಣ, ದಾರ ಕೇಳಿ ಪಡೆದು ರಟ್ಟಿಗೆ ತೂತು ಕೊರೆದೆ. ನಮ್ಮ ಮನೆಯಲ್ಲಿ ಹರಿದ ಬಲೆಯನ್ನು ಯಾರೂ ಅಂಟಿಸುವುದಿಲ್ಲ, ಕಟ್ಟುತ್ತಾರೆ. ನಾನೂ ಬಲೆಯ ಒಂದೊಂದೇ ಕಣ್ಣನ್ನು ರಟ್ಟಿಗೆ ಗಂಟು ಹಾಕಿ ಕಟ್ಟಿದೆ. ಬಾಯಿಯವರು ಚಿತ್ರವನ್ನು ತಲೆಕೆಳಗಾಗಿ ಹಿಡಿದು ಜೋರಾಗಿ ಕೊಡವಿದರು. ಒಂದು ಎಳೆಯೂ ಅಲುಗಲಿಲ್ಲ.

"ಇದು ನಾನು ಕಲಿಸಿದ್ದಲ್ಲ, ಅಲ್ವಾ?" ಎಂದರು.

ಮಧ್ಯಾಹ್ನ ಮಾವ ಕರೆದೊಯ್ಯಲು ಬಂದು ಬಾಗಿಲಲ್ಲೇ ನಿಂತಿದ್ದರು. ಹೆಸರು ಕರೆದಾಗ ಹೋಗಿ ಸರ್ಟಿಫಿಕೇಟ್ ತೆಗೆದುಕೊಂಡು ಅವರ ಕೈಗೆ ಕೊಟ್ಟೆ. ಹೆಗಲ ಬೈರಾಸಿಗೆ ಕೈ ಒರೆಸಿಕೊಂಡು ಅದನ್ನು ಹಿಡಿದರು, ಹಿಂದೆ ಮುಂದೆ ನೋಡಿದರು, ಮರಳಿಸಿದರು. ಆಮೇಲೆ ಚಿತ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

"ಕಾಗದ ನೀನು ಹಿಡ್ಕೋ ಮಗಾ. ಬಸ್ಸಿನಲ್ಲಿ ನನ್ನ ಸೀಟಿನಲ್ಲಿ ಇದನ್ನು ಕೂರಿಸು. ಕಾಪುವರೆಗೆ ನಾನು ನಿಂತೇ ಬರ್ತೇನೆ."