ಕುರಿ ಬಚಾವಾಯಿತು, ಕಟರ್ ನಿಲ್ಲಲಿಲ್ಲ

ಕುರಿಯ ತಲೆ ಗೇಟಿನ ಸರಳುಗಳ ನಡುವೆ ಸಿಕ್ಕಿಹಾಕಿಕೊಂಡರೆ ಯಾರಿಗೆ ಫೋನ್ ಮಾಡಬೇಕು?

ನಮ್ಮಕ್ಕ ನನಗೆ ಮಾಡಿದಳು.

ಅಕ್ಕ ಜಯಮ್ಮ ಇರುವುದು ಬಂಡೂರಿನಲ್ಲಿ. ಆ ಊರಿನ ಹೆಸರು ಹೇಳಿದರೆ ಸಾಕು, ಅವಳು ಏನು ಸಾಕುತ್ತಾಳೆ ಅಂತ ನಿಮಗೆ ಗೊತ್ತಾಗಿರುತ್ತದೆ. ಹೋದ ಭಾನುವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಫೋನಿನಲ್ಲಿ ಅವಳ ದನಿಗಿಂತ ಕುರಿಯ ದನಿಯೇ ಜೋರಾಗಿತ್ತು.

"ಸುಧಾ, ನಿನ್ ಕುಯ್ಯೋ ಮಿಷನ್ನು ಐತಲ್ಲ, ಅದ ಎತ್ಕೊಂಡು ಬಾಮ್ಮಿ. ಗಬ್ಬದ ಕುರಿ ಗೇಟೊಳಕೆ ತಲೆ ತೂರಿಸ್ಬುಟ್ಟದೆ. ಮುಂದುಕ್ಕೂ ಓಯ್ತಿಲ್ಲ, ಇಂದುಕ್ಕೂ ಬತ್ತಿಲ್ಲ."

"ವೆಲ್ಡಿಂಗ್‌ನವರನ್ನ ಕರೆಯಕ್ಕ."

"ಅವ್ರು ಮದ್ವೇಗೆ ಅಂತ ಮದ್ದೂರ್ಗೆ ಓಗವ್ರೆ ಕಣೆ. ಅವ್ರು ಬರೋಗಂಟ ಇದು ಉಳಿಯಕಿಲ್ಲ. ನೀ ಬತ್ತೀಯೋ ಇಲ್ವೋ?"

ಒಲೆ ಆರಿಸಿದೆ.

ಆ 'ಕುಯ್ಯೋ ಮಿಷನ್ನಿ'ನ ಬಗ್ಗೆ ಸ್ವಲ್ಪ ಹೇಳಬೇಕು. ಗೋಡೆಗೆ ಒಂದು ತೂತು ಹಾಕಿಸಲು ಯಾರನ್ನೋ ಕಾದು ಕಾದು ಸಾಕಾಗಿ, ಹೋದ ವರ್ಷ ಆನ್‌ಲೈನಿನಲ್ಲಿ ಒಂದು ಸೆಟ್ ತರಿಸಿದ್ದೆ. ಒಂದು ಡ್ರಿಲ್ಲಿಂಗ್ ಮಿಷನ್ನು, ಚಕ್ರ ತಿರುಗಿಸಿ ಕತ್ತರಿಸುವ ಒಂದು ಕಟರ್. ಎರಡೂ ಸೇರಿ ಒಂದು ಒಳ್ಳೆಯ ಸೀರೆಗಿಂತ ಅಗ್ಗ. ಕಂಪನಿ ಹೆಸರನ್ನು ಅದಕ್ಕೆ ಮುಂಚೆಯೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ನಮ್ಮ ಮನೆಯವರು ಇಲ್ಲೇ ಹತ್ತಿರದ ಬ್ಲಫ್ ಅನ್ನುವ ಊರಿನ ಪವರ್ ಸ್ಟೇಷನ್ನಿನಲ್ಲಿ ಮೆಂಟೆನೆನ್ಸ್ ಕೆಲಸದಲ್ಲಿದ್ದಾರೆ. ದಿನವಿಡೀ ಗಟ್ಟಿಮುಟ್ಟಾದ ಸಾಮಾನು ಹಿಡಿಯುವ ಕೈ. ಡಬ್ಬ ತೆಗೆದು ನೋಡಿ, "ಆಟದ ಸಾಮಾನು ಕಣೇ ಇದು" ಅಂದುಬಿಟ್ಟರು. (ಮನೆಯ ಕರ್ಟನ್ ರಾಡು ಮಾತ್ರ ಅವರ ಕೈಯಲ್ಲಿ ಎರಡು ವರ್ಷದಿಂದ ಬಾಕಿ ಇತ್ತು.)

ಆ ರಾಡನ್ನು ನಾನೇ ಹಾಕಿದೆ. ಕನ್ನಡಿ ಹಾಕಿದೆ. ಪಕ್ಕದ ಮನೆಯವರ ಬಟ್ಟೆ ಒಣಗಿಸುವ ತಂತಿಗೆ ಕೊಕ್ಕೆ ಕೂರಿಸಿಕೊಟ್ಟೆ. ಡ್ರಿಲ್ಲು ಚೆನ್ನಾಗಿಯೇ ಇದೆ. ಯಾಕಿರಬಾರದು? ವರ್ಷವಿಡೀ ಅದು ಓಡಿದ್ದನ್ನೆಲ್ಲ ಕೂಡಿಸಿದರೂ ಒಂದು ಸಿನಿಮಾದಷ್ಟು ಹೊತ್ತಾಗಲಿಕ್ಕಿಲ್ಲ. ಕಟರನ್ನಂತೂ ಪ್ಲಾಸ್ಟಿಕ್ ಪೈಪು ಕತ್ತರಿಸಲು ತೆಗೆದದ್ದು ಬಿಟ್ಟರೆ ಮುಟ್ಟಿರಲೇ ಇಲ್ಲ.

ಮನೆಯವರು ಡ್ಯೂಟಿಯಲ್ಲಿದ್ದರು. ನಾನು ಡಬ್ಬವನ್ನು ಸ್ಕೂಟರಿಗೆ ಕಟ್ಟಿಕೊಂಡು ಮಳವಳ್ಳಿಯಿಂದ ಹೊರಟೆ.

ಹೋಗಿ ನೋಡಿದರೆ ಕುರಿ ಮುಂಗಾಲು ಮಡಿಸಿ ಕುಸಿದಿತ್ತು. ಕುತ್ತಿಗೆಗೆ ಭಾರ ಬೀಳದ ಹಾಗೆ ಭಾವ ಅದರ ಎದೆಯ ಕೆಳಗೆ ಎರಡೂ ಕೈ ಕೊಟ್ಟು ಎತ್ತಿ ಹಿಡಿದಿದ್ದರು. ಕಿವಿಗೆಲ್ಲ ಹರಳೆಣ್ಣೆ ಸವರಿ ಎಳೆದು ನೋಡಿದ್ದಾಗಿತ್ತು. ನಾಲಿಗೆ ಹೊರಗೆ ಬಂದಿತ್ತು. ಈಗ ಅದು ಕೂಗುತ್ತಲೂ ಇರಲಿಲ್ಲ.

ಒಂದು ಸರಳನ್ನು ಬುಡದಲ್ಲಿ ಕತ್ತರಿಸಿ ಬಗ್ಗಿಸಿದರೆ ಸಾಕು. ಅಕ್ಕ ಒದ್ದೆ ಗೋಣಿಚೀಲವನ್ನು ಕುರಿಯ ಮುಖಕ್ಕೂ ಭಾವನ ತೋಳಿಗೂ ಹೊದಿಸಿದಳು. ಅಡುಗೆಮನೆ ಕಿಟಕಿಯಿಂದ ವೈರು ಎಳೆದೆವು. (ಕರೆಂಟು ಇತ್ತು. ಪವರ್ ಸ್ಟೇಷನ್ನು ಪಕ್ಕದಲ್ಲೇ ಇದ್ದರೂ ನಮ್ಮ ಕಡೆ ಇದನ್ನು ಬರೆದು ತಿಳಿಸಬೇಕಾಗುತ್ತದೆ.) ನಾನು ಹೆಲ್ಮೆಟ್ಟಿನ ಗಾಜು ಇಳಿಸಿ ಸ್ವಿಚ್ಚನ್ನು ಮುಂದಕ್ಕೆ ತಳ್ಳಿದೆ.

ಕಿಡಿ ಹಾರಿತು. ಕುರಿ ಒದ್ದಾಡಿತು. ಸರಳು ಅರ್ಧ ಕತ್ತರಿಸುವಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಸರಳಿನದಲ್ಲ, ಮಿಷನ್ನಿನದು. ಕೈಗೆ ಬಿಸಿ ತಾಗತೊಡಗಿತು.

"ಇನ್ನೊಸಿ ಕಣವ್ವ, ನಿಲ್ಲಿಸ್ಬ್ಯಾಡ" ಅಂದರು ಭಾವ.

ನಿಲ್ಲಿಸಲಿಲ್ಲ. ಸರಳು ತುಂಡಾಯಿತು. ಕಟರನ್ನು ಈಚೆಗೆ ತೆಗೆದು ಸ್ವಿಚ್ಚನ್ನು ಹಿಂದಕ್ಕೆ ಎಳೆದೆ.

ಅದು ನಿಲ್ಲಲಿಲ್ಲ.

ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಸ್ವಿಚ್ಚು ಸಲೀಸಾಗಿ ಆಡುತ್ತಿದೆ, ಚಕ್ರ ಮಾತ್ರ ಕಿರುಚುತ್ತಲೇ ಇದೆ. ಕೆಳಗಿಟ್ಟರೆ ನೆಲದ ಮೇಲೆ ಕುಣಿದು ಯಾರ ಕಾಲಿಗೆ ಬರುತ್ತದೋ. ಹಿಡಿದುಕೊಂಡರೆ ಅಂಗೈ ಸುಡುತ್ತಿದೆ. ಒಂದು ಮೊಳ ದೂರದಲ್ಲಿ ಕುರಿಯ ಕುತ್ತಿಗೆ, ಅದರ ಪಕ್ಕ ಭಾವನ ಮುಖ.

"ಆಫ್ ಮಾಡವ್ವ!"

"ಆಫ್ ಮಾಡಿದ್ದೀನಿ ಭಾವ!"

ಅಕ್ಕ ಅಡುಗೆಮನೆಗೆ ಓಡಿ ಪ್ಲಗ್ಗನ್ನೇ ಕಿತ್ತಳು. ಆಮೇಲೂ ಚಕ್ರ ಸ್ವಲ್ಪ ಹೊತ್ತು ಸುತ್ತುತ್ತಿತ್ತು. ನಾನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ.

ಭಾವ ಹಾರೆ ಹಾಕಿ ಸರಳನ್ನು ಬಗ್ಗಿಸಿದರು. ಕುರಿ ಈಚೆಗೆ ಬಂದು ದೊಪ್ಪನೆ ಮಲಗಿತು. ಅಕ್ಕ ಅದರ ಕುತ್ತಿಗೆ ತಿಕ್ಕುತ್ತಾ ಕೂತಳು. ಬಹಳ ಹೊತ್ತಾದ ಮೇಲೆ ಅದು ಎದ್ದು ನೀರಿನ ಬಕೆಟ್ಟಿಗೆ ಬಾಯಿ ಹಾಕಿತು. ಮಧ್ಯಾಹ್ನ ಪಶು ಡಾಕ್ಟರು ಬಂದು ನೋಡಿ, ಹೊಟ್ಟೆಯಲ್ಲಿರುವ ಮರಿಗೇನೂ ಆಗಿಲ್ಲ ಅಂದರು.

"ಇದು ಇಲ್ದೇ ಓಗಿದ್ರೆ ನನ್ ಕುರಿ ಇರ್ತಿರ್ನಿಲ್ಲ ಕಣಮ್ಮಿ" ಅಂತ ಅಕ್ಕ ಕಟರನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

"ನೀನು ಓಡದೇ ಇದ್ದಿದ್ದರೆ ನನ್ನ ಬೆರಳೋ, ಭಾವನ ಮೂಗೋ ಇರ್ತಿರಲಿಲ್ಲ" ಅಂದೆ.

ಇಬ್ಬರೂ ಹೇಳಿದ್ದು ನಿಜವೇ.

ಸಂಜೆ ಮನೆಯವರಿಗೆ ಎಲ್ಲ ಹೇಳಿದೆ. ದೊಡ್ಡ ಭಾಷಣಕ್ಕೆ ತಯಾರಾಗಿಯೇ ಕೂತಿದ್ದೆ. ಅವರು "ಕೈ ತೋರಿಸು" ಅಂದರು. ಎರಡೂ ಅಂಗೈ ತಿರುಗಿಸಿ ನೋಡಿ, ಮುಲಾಮು ಹಚ್ಚಿ ಎದ್ದು ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಮಂಡ್ಯಕ್ಕೆ ಹೋದಾಗ ರಿಪೇರಿ ಅಂಗಡಿಯಲ್ಲಿ ತೋರಿಸಿದೆ. ಸ್ವಿಚ್ಚಿನೊಳಗಿನ ತಗಡುಗಳು ಕಾದು ಒಂದಕ್ಕೊಂದು ಅಂಟಿಕೊಂಡಿದ್ದವು. "ಇದಕ್ಕೆ ಸ್ಪೇರ್ ಬರಲ್ಲ ಮೇಡಂ" ಅಂದರು ಅಂಗಡಿಯವರು. ಅಲ್ಲೇ ಬಿಟ್ಟು ಬಂದೆ.

ಹಾಗಾದರೆ ಅಗ್ಗದ ಸಾಮಾನು ತಗೊಳ್ಳಲೇಬಾರದಾ? ಹಾಗೆ ನಾನು ಹೇಳುವುದಿಲ್ಲ. ನನ್ನ ಡ್ರಿಲ್ಲು ಈಗಲೂ ಮನೆಯಲ್ಲಿದೆ, ಅಪರೂಪಕ್ಕೊಂದು ತೂತಿಗೆ ಅದು ಧಾರಾಳವಾಯಿತು. ನಾಳೆ ಕೆಟ್ಟರೆ ಒಂದು ಫೋಟೋ ಗೋಡೆಗೇರುವುದಿಲ್ಲ, ಅಷ್ಟೇ. ಕಟರ್ ಹಾಗಲ್ಲ. ಅದು ಕೆಡುವುದೇ ನಮ್ಮ ಕೈಯೊಳಗೆ ಸುತ್ತುತ್ತಿರುವಾಗ. ಮುಂದಿನ ಸಲ ಅದನ್ನು ಕೊಳ್ಳುವುದಾದರೆ ಒಳ್ಳೆಯದನ್ನೇ ಕೊಳ್ಳುತ್ತೇನೆ, ಇಲ್ಲವೇ ಗೊತ್ತಿರುವವರ ಹತ್ತಿರ ಎರವಲು ತರುತ್ತೇನೆ.

ಅಂಗಡಿಯಲ್ಲಿ ನಿಂತು ನಾವೆಲ್ಲ ಕೇಳುವುದು ಎಷ್ಟು ಪವರು, ಎಷ್ಟು ಸ್ಪೀಡು, ಎಷ್ಟು ವರ್ಷ ಗ್ಯಾರಂಟಿ ಅಂತ. ನಿಲ್ಲು ಅಂದಾಗ ನಿಲ್ಲುತ್ತಾ ಅಂತ ಯಾರಾದರೂ ಕೇಳಿದ್ದೀರಾ?