ಪಿನ್‌ಬಾಲ್ ಮಷೀನಿಗೆ ಮಟ್ಟ ನೋಡಿದ್ದು

ನನಗೊಂದು ಚಟವಿದೆ; ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ಓರೆಯಾಗಿರುವ ಯಾವುದನ್ನೂ ನಾನು ಹಾಗೆಯೇ ಬಿಡಲಾರೆ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಕ್ಯಾಲೆಂಡರನ್ನು ನೇರ ಮಾಡಿ, ಆಮೇಲೆ ‘ಚೆನ್ನಾಗಿದ್ದೀರಾ’ ಎನ್ನುತ್ತೇನೆ. ಹೋಟೆಲಿನ ಟೇಬಲ್ಲು ಅಲುಗಾಡಿದರೆ, ದೋಸೆ ಆರಿ ತಣ್ಣಗಾದರೂ ಸರಿ, ಬೆಂಕಿಪೊಟ್ಟಣ ಮಡಚಿ ಅದರ ಕಾಲಿನಡಿ ತುರುಕಿದ ಮೇಲೆಯೇ ತುತ್ತು ಮುರಿಯುವುದು. ಹೆಣ್ಣು ನೋಡಲು ಹೊಳೆಹೊನ್ನೂರಿಗೆ ಹೋದಾಗ ಅವರ ಮನೆಯ ಬಾಗಿಲ ಚೌಕಟ್ಟು ಎಡಕ್ಕೆ ಅರ್ಧ ಬೆರಳು ವಾಲಿದ್ದು ನನಗೆ ಇಂದಿಗೂ ನೆನಪಿದೆ. ಗಿರಿಜೆ ಅಂದು ಉಟ್ಟಿದ್ದ ಸೀರೆಯ ಬಣ್ಣ ಮಾತ್ರ ನೆನಪಿಲ್ಲ. ಈ ವಿಷಯ ನಮ್ಮ ಮನೆಯಲ್ಲಿ ಆಗಾಗ ಚರ್ಚೆಗೆ ಬರುತ್ತದೆ.

ತಪ್ಪು ಪೂರ್ತಿ ನನ್ನದಲ್ಲ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ನಾನು ಫಿಟ್ಟರ್. ಹೊಸ ಯಂತ್ರ ಬಂದರೆ ಅದನ್ನು ತಳಪಾಯದ ಮೇಲೆ ಕೂರಿಸಿ, ಬೆನ್ನಿನ ಮೇಲೆ ಮಟ್ಟಗೋಲು ಇಟ್ಟು, ಗಾಜಿನ ಕೊಳವೆಯೊಳಗಿನ ಗಾಳಿಗುಳ್ಳೆ ನಟ್ಟನಡುವೆ ಬಂದು ನಿಲ್ಲುವ ತನಕ ಕಾಲುಗಳ ಕೆಳಗೆ ತೆಳು ತಗಡು ತೂರಿಸುವುದು ನನ್ನ ಕಸುಬು. ಆ ಗುಳ್ಳೆ ನಡುವೆ ನಿಂತಾಗ ಆಗುವ ಸುಖವನ್ನು ಬೇರೆಯವರಿಗೆ ವಿವರಿಸಲು ಪ್ರಯತ್ನಿಸಿ ಸೋತಿದ್ದೇನೆ. ನ್ಯೂಟೌನಿನ ಹೆಂಗಸರು ಗ್ರೈಂಡರ್ ಕೂರಿಸುವುದಕ್ಕೂ ನನ್ನನ್ನೇ ಕರೆಯುತ್ತಿದ್ದರು, ನಾನೂ ಬೀಗುತ್ತಾ ಹೋಗುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ನನ್ನ ಬಾಮೈದ ಮಂಜುನಾಥನಿಗೆ ಶಿವಮೊಗ್ಗದಲ್ಲಿ ಗೇಮ್ ಅಂಗಡಿ ತೆರೆಯುವ ಹುಚ್ಚು ಹಿಡಿಯಿತು. ಗಾಂಧಿ ಬಜಾರಿನ ಹಿಂದಿನ ಗಲ್ಲಿಯಲ್ಲಿ ಅವರದೇ ಒಂದು ಹಳೆಯ ಭತ್ತದ ಗೋದಾಮು ಖಾಲಿ ಬಿದ್ದಿತ್ತು. ಮುಂಬಯಿಯಿಂದ ನಾಣ್ಯ ಹಾಕಿ ಆಡುವ ಮೂರು ಹಳೆಯ ಮಷೀನುಗಳನ್ನು ಲಾರಿಯಲ್ಲಿ ತರಿಸಿ ಅಲ್ಲಿ ಇಳಿಸಿಯೂ ಬಿಟ್ಟ. ನಮ್ಮ ಮಾವ ರುದ್ರಪ್ಪನವರಿಗೆ ಅಲ್ಲಿ ಗೊಬ್ಬರದ ಅಂಗಡಿ ಆಗಬೇಕಿತ್ತು. ಅವರು ಹೊಳೆಹೊನ್ನೂರಿನ ಸಂತೆಗೆ ಬಂದರೆ ಎತ್ತಿನಗಾಡಿಗಳೇ ಪಕ್ಕಕ್ಕೆ ಸರಿಯುತ್ತಿದ್ದವು. ಅಂಥವರು ಮಗನಿಗೆ ಒಂದು ಷರತ್ತು ಹಾಕಿದರು.

“ಓಪನಿಂಗಿಗೆ ನಾನೇ ಬರ್ತೀನಿ. ನನ್ನ ಕಣ್ಣೆದುರು ಮೂರೂ ನಡೀಬೇಕು. ಒಂದು ನಿಂತ್ರೂ ಮಾರನೇ ದಿನ ಯೂರಿಯಾ ಮೂಟೆ ಇಳಿಸ್ತೀನಿ, ನೀನು ಗಲ್ಲಾದಲ್ಲಿ ಕೂರ್ಬೇಕು.”

ಮಂಜ ಬೆಳಗಿನ ಬಸ್ಸಿಗೇ ಭದ್ರಾವತಿಗೆ ಓಡಿ ಬಂದ. “ಭಾವ, ಜೀವಮಾನವಿಡೀ ಗೊಬ್ಬರದ ವಾಸನೆ ಕುಡೀಬೇಕಾಗುತ್ತೆ ಮಾರಾಯ, ಏನಾದ್ರೂ ಮಾಡು” ಎಂದ. ಅಕ್ಕನ ಗಂಡನನ್ನು ‘ಮಾರಾಯ’ ಎನ್ನಬೇಕಾದರೆ ಸಂಕಟ ಎಷ್ಟಿರಬೇಕು ಎಂದು ನಾನು ರಜೆ ಹಾಕಿ ಚೀಲ ಹೆಗಲಿಗೇರಿಸಿದೆ.

ಮೂರರಲ್ಲಿ ಎರಡು ಟಿ.ವಿ. ಇದ್ದ ಪೆಟ್ಟಿಗೆಗಳು, ಅವುಗಳ ರೋಗ ಸಣ್ಣದು. ಗುಂಡಿ ಒತ್ತಿದರೆ ಒಳಗೆ ಎರಡು ಪುಟ್ಟ ಲೋಹದ ನಾಲಗೆಗಳು ಒಂದಕ್ಕೊಂದು ತಾಗಬೇಕು, ಮಧ್ಯೆ ಕಿಲುಬು ಕೂತಿತ್ತು. ಕಾಗದನಗರದ ಗೆಳೆಯನೊಬ್ಬ ಕೊಟ್ಟಿದ್ದ ದಪ್ಪ ಕಾಗದದ ಪಟ್ಟಿಯನ್ನು ನಾಲಗೆಗಳ ನಡುವೆ ತೂರಿಸಿ ನಾಲ್ಕು ಸಲ ಎಳೆದೆ. ಕಾಗದ ಕಪ್ಪಾಯಿತು, ಪರದೆಯ ಮೇಲಿನ ಕಾರು ಓಡಿತು. ಮಂಜ ನನ್ನನ್ನು ತಬ್ಬಿಕೊಂಡ, ನಾನು ಎಣ್ಣೆಕೈಯಲ್ಲೇ ಅವನ ಬೆನ್ನು ತಟ್ಟಿದೆ.

ಮೂರನೆಯದು ಪಿನ್‌ಬಾಲ್. ನೋಡದವರಿಗಾಗಿ ಹೇಳುತ್ತೇನೆ: ಮಂಚದಂಥ ಉದ್ದನೆ ಪೆಟ್ಟಿಗೆ, ಮೇಲೆ ಗಾಜು, ಒಳಗೆ ಬಣ್ಣದ ಹಲಗೆ. ನಾಣ್ಯ ಹಾಕಿ ಉಕ್ಕಿನ ಗುಂಡನ್ನು ಮೇಲಕ್ಕೆ ಚಿಮ್ಮಿಸಬೇಕು. ಅದು ಗಂಟೆ ಬಡಿಯುತ್ತಾ ದೀಪ ಹೊತ್ತಿಸುತ್ತಾ ಕೆಳಗೆ ಬರುವಾಗ ಎರಡು ರೆಕ್ಕೆಗಳಿಂದ ಬಡಿದು ಮತ್ತೆ ಮೇಲಕ್ಕಟ್ಟಬೇಕು. ರೆಕ್ಕೆಗಳ ನಡುವಿನ ಸಂದಿಗೆ ಬಿತ್ತೋ, ಗುಂಡು ಹೋಯಿತು. ಮಂಜನ ದೂರೆಂದರೆ ಗುಂಡು ಕಣ್ಣು ಮಿಟುಕಿಸುವುದರೊಳಗೆ ಸಂದಿಯಲ್ಲಿರುತ್ತದೆ, ಆಡಲು ಪುರುಸೊತ್ತೇ ಕೊಡುವುದಿಲ್ಲ ಎಂಬುದು.

ಹೊಟ್ಟೆ ಬಿಚ್ಚಿ ಟಾರ್ಚು ಬಿಟ್ಟೆ. ಮೈಲುಗಟ್ಟಲೆ ತಂತಿಗಳ ನಡುವೆ ನನಗೆ ಕಂಡದ್ದೇನು ಗೊತ್ತೇ? ತೂಗುಗುಂಡು. ಗೋಡೆ ನೆಟ್ಟಗಿದೆಯೋ ಎಂದು ನೋಡಲು ಗಾರೆಯವರು ಇಳಿಬಿಡುತ್ತಾರಲ್ಲ, ಅದೇ. ಒಂದು ಬಳೆಯ ನಡುವೆ ತೂಗುತ್ತಿತ್ತು. ಆಡುವವನು ಮಷೀನನ್ನು ಜೋರಾಗಿ ಅಲ್ಲಾಡಿಸಿದರೆ ಈ ತೂಗುಗುಂಡು ಬಳೆಗೆ ತಾಗಿ, ದೀಪವಾರಿ, ಆ ಸುತ್ತಿನ ಆಟ ಅಲ್ಲಿಗೇ ಮುಗಿಯುತ್ತದೆ. ಮೋಸಗಾರರು ಎಲ್ಲ ದೇಶದಲ್ಲೂ ಇದ್ದಾರೆ, ಅವರನ್ನು ಹಿಡಿಯಲು ಗಾರೆಯವರ ಬುದ್ಧಿಯೇ ಬೇಕಾಯಿತಲ್ಲ ಎಂದು ನನಗೆ ಎದೆಯುಬ್ಬಿತು. ಹೊಟ್ಟೆಯೊಳಗೇ ತೂಗುಗುಂಡು ಇಟ್ಟುಕೊಂಡಿರುವ ಯಂತ್ರ ನಮ್ಮ ಜಾತಿಯದೇ, ಅದು ಬಯಸುವುದು ಮಟ್ಟವನ್ನೇ ಎಂದು ತೀರ್ಮಾನಿಸಿದೆ. ಇಂಥ ತೀರ್ಮಾನಕ್ಕೆ ಬರಲು ಹದಿನೈದು ವರ್ಷದ ಅನುಭವ ಬೇಕಾಗುತ್ತದೆ.

ಗಾಜಿನ ಮೇಲೆ ಮಟ್ಟಗೋಲು ಇಟ್ಟರೆ ಗುಳ್ಳೆ ಒಂದು ಮೂಲೆಗೆ ಓಡಿ ಅಡಗಿತು. ಗೋದಾಮಿನ ನೆಲವೇ ರಸ್ತೆಯ ಕಡೆಗೆ ಇಳಿಜಾರು. ತೊಳೆದ ನೀರು ಹರಿದುಹೋಗಲೆಂದು ಹಿಂದಿನವರು ಮಾಡಿಸಿದ್ದು. ಮುಂದಿನ ಎರಡು ಕಾಲಿಗೆ ಮರದ ತುಂಡು ಕೊಟ್ಟೆ, ತುಂಡಿನ ಮೇಲೆ ತಗಡು, ತಗಡಿನ ಮೇಲೆ ಇನ್ನೂ ತೆಳು ತಗಡು. ಸಂಜೆಯ ಹೊತ್ತಿಗೆ ಉದ್ದಕ್ಕೂ ಅಡ್ಡಕ್ಕೂ ಗುಳ್ಳೆ ನಡುವೆ ನಿಂತಿತು. ಅಷ್ಟು ಚೊಕ್ಕ ಮಟ್ಟವನ್ನು ನಾನು ಲೇತ್ ಮಷೀನಿಗೂ ಕೊಟ್ಟಿರಲಿಲ್ಲ. ಒಂದು ಆಟ ಆಡಿ ನೋಡೋಣ ಎಂದು ಮಂಜ ಹೇಳಿದ; ಮಟ್ಟ ಕೂತ ಮೇಲೆ ಮುಟ್ಟಬಾರದು ಎಂದು ಗದರಿಸಿ, ಮೇಲೆ ಬೆಡ್‌ಶೀಟ್ ಹೊದಿಸಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಪೂಜೆ. ಅಯ್ಯನವರು ಮೂರು ಮಷೀನಿಗೂ ವಿಭೂತಿ ಎಳೆದರು. ಪಿನ್‌ಬಾಲಿಗೆ ಹಣೆ ಯಾವುದೆಂದು ತಿಳಿಯದೆ ನಾಣ್ಯದ ಸಂದಿಯನ್ನೇ ಹಣೆಯೆಂದು ಭಾವಿಸಿ ಧಾರಾಳವಾಗಿ ಬಳಿದರು. ಮಾವನವರು ಎರಡು ಮಷೀನು ನೋಡಿ ತಲೆದೂಗಿ, ಮೂರನೆಯದಕ್ಕೆ ನಾಣ್ಯ ಹಾಕಿದರೆ ಅದು ಅರ್ಧದಲ್ಲೇ ನಿಂತಿತು. ಮಂಜನ ಮುಖ ವಿಭೂತಿಗಿಂತ ಬೆಳ್ಳಗಾಯಿತು. ನಾನು ಬಾಗಿ ಸಂದಿಗೆ ಜೋರಾಗಿ ಊದಿದೆ. ವಿಭೂತಿಯೆಲ್ಲ ನನ್ನ ಮುಖಕ್ಕೆ ಬಂತು, ನಾಣ್ಯ ಟಣ್ಣೆಂದು ಒಳಗೆ ಬಿತ್ತು, ದೀಪಗಳು ಹತ್ತಿದವು, ನೆರೆದವರು ಚಪ್ಪಾಳೆ ತಟ್ಟಿದರು.

ಮಾವನವರು ಗುಂಡು ಚಿಮ್ಮಿಸಿದರು. ಅದು ಮೇಲೆ ಹೋಯಿತು, ಎರಡು ಗಂಟೆ ಬಡಿಯಿತು, ನಿಧಾನವಾಗಿ ಹಲಗೆಯ ನಡುವಿಗೆ ಬಂತು. ಅಲ್ಲಿ ನಿಂತಿತು. ಎಲ್ಲರೂ ಗಾಜಿಗೆ ಮೂಗು ಹಚ್ಚಿ ನೋಡಿದೆವು. ಗುಂಡು ಆರಾಮವಾಗಿ ಕೂತಿತ್ತು, ರೆಕ್ಕೆಗಳು ದೂರದಲ್ಲಿ ಸುಮ್ಮನೆ ಪಟಪಟ ಬಡಿಯುತ್ತಿದ್ದವು. ಇಳಿಜಾರೇ ಆ ಆಟದ ಪ್ರಾಣ, ನಾನು ಅದನ್ನೇ ತೆಗೆದುಬಿಟ್ಟಿದ್ದೆ ಎಂದು ನನಗೆ ಹೊಳೆದದ್ದು ಆಗ.

ಮಾವನವರು ಪೂಜೆಯ ಚೊಂಬು ತೆಗೆದುಕೊಂಡು ಗಾಜಿನ ಮೇಲೆ ಅಂಗೈಯಷ್ಟು ನೀರು ಸುರಿದರು. ಶಾಕ್ ಹೊಡೆದೀತೆಂದು ನಾನು ಹೌಹಾರಿ ಪ್ಲಗ್ಗಿನ ಕಡೆ ಓಡುವಷ್ಟರಲ್ಲಿ ಅವರು ಕೈಯೆತ್ತಿ ತಡೆದರು. ನೀರು ಎಲ್ಲಿಗೂ ಹರಿಯದೆ ಹಪ್ಪಳದಂತೆ ಕೂತಿತ್ತು.

“ಯಾರಪ್ಪ ಇದನ್ನ ಭತ್ತದ ಗದ್ದೆ ಮಾಡ್ದೋರು?” ಎಂದರು.

ವಿಭೂತಿ ಮೆತ್ತಿದ ಮುಖದಲ್ಲಿ ನಾನು ಒಪ್ಪಿಕೊಂಡೆ.

“ನಾಟಿಗೆ ಇಷ್ಟು ಚಂದ ಮಟ್ಟ ಮಾಡೋ ಆಳು ನನಗೆ ಸಿಕ್ಕಿಲ್ಲ. ಆದ್ರೆ ಇದು ನೀರು ನಿಲ್ಲಿಸೋ ಜಾಗ ಅಲ್ಲ, ಬಸಿಯೋ ಜಾಗ. ಆ ಮುಂದಿನ ತುಂಡು ತೆಗೀರಿ. ಪೂರ್ತಿ ಬೇಡ, ಒಂದು ಬೆರಳು ಇರ್ಲಿ.”

ಮಂಜನೂ ನಾನೂ ನೆಲಕ್ಕೆ ಬಿದ್ದು ತಗಡು ಎಳೆದೆವು. ಮಾವನವರು ಪಂಚೆ ಎತ್ತಿಕಟ್ಟಿ ಬಗ್ಗಿ ನಿಂತು ನೀರನ್ನೇ ನೋಡುತ್ತಾ “ಇನ್ನೊಂದು, ಇನ್ನೊಂದು” ಎನ್ನುತ್ತಿದ್ದರು. ನೀರು ಮೆಲ್ಲಗೆ ಮುಂದಕ್ಕೆ ಹರಿಯತೊಡಗಿದಾಗ “ಸಾಕು” ಎಂದರು. ಕೂತಿದ್ದ ಗುಂಡು ಎದ್ದು ಹೊರಟಿತು. ಅವರು ರೆಕ್ಕೆ ಬಡಿದರು, ಗುಂಡು ಮೇಲಕ್ಕೆ ಹಾರಿತು, ಮತ್ತೆ ಬಂತು, ಮತ್ತೆ ಹಾರಿತು. ಮೈಮರೆತ ಮಾವನವರು ಎರಡೂ ಕೈಯಿಂದ ಮಷೀನು ಹಿಡಿದು, ಮೊಂಡು ಹೋರಿಯನ್ನು ನೂಕುವಂತೆ ಬಲಕ್ಕೆ ನೂಕಿದರು. ಪಟ್ಟನೆ ದೀಪ ಆರಿತು, ರೆಕ್ಕೆ ಸತ್ತಿತು.

ಷರತ್ತಿನ ಪ್ರಕಾರ ಮಷೀನು ಅವರ ಕಣ್ಣೆದುರೇ ನಿಂತಿತ್ತು. ಮಂಜ ಗೋಡೆಗೆ ಒರಗಿಕೊಂಡ.

“ಕೆಟ್ಟಿಲ್ಲ ಮಾವ,” ಎಂದೆ, ಧೈರ್ಯ ತಂದುಕೊಂಡು. “ನೀವು ನೂಕಿದ್ರಲ್ಲ, ಅದಕ್ಕೆ ಆಟ ನಿಲ್ಲಿಸ್ತು. ಯಾರೇ ನೂಕಿದ್ರೂ ನಿಲ್ಲಿಸುತ್ತೆ.”

“ನಾನು ನೂಕಿದ್ರೂನಾ?”

“ನೀವು ನೂಕಿದ್ರೂ.”

ಅವರು ಮಷೀನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ತಪ್ಪನ್ನು ಮುಖಕ್ಕೆ ಹೊಡೆದಂತೆ ಹೇಳಿದವರು ಅಷ್ಟು ವರ್ಷದಲ್ಲಿ ಯಾರೂ ಇದ್ದಂತಿರಲಿಲ್ಲ. “ಹಾಗಾದ್ರೆ ನೆಟ್ಟಗೇ ನಡೀತಾ ಇದೆ,” ಎಂದು ಕೈ ಮತ್ತೆ ಗುಂಡಿಯ ಕಡೆಗೆ ಚಾಚಿದರು.

ಅಷ್ಟರಲ್ಲಿ ಗಲ್ಲಿಯ ಜನ ಒಳಗೆ ನುಗ್ಗಿದ್ದರು. ಪಕ್ಕದ ಬಳೆ ಅಂಗಡಿಯವನು ಮುಂದಿದ್ದ, ಅವನ ಹಿಂದೆ ಅಯ್ಯನವರು ಜೋಳಿಗೆ ಸಮೇತ ನಿಂತಿದ್ದರು. ಮಂಜನಿಗೆ ಎಲ್ಲಿಂದ ಧೈರ್ಯ ಬಂತೋ.

“ಲೈನಿದೆ ಅಪ್ಪ,” ಎಂದ.

ಮಾವನವರು ಮಗನ ಮುಖ ನೋಡಿದರು. ಆಮೇಲೆ ಪಂಚೆ ಇಳಿಸಿಕೊಂಡು, ಹೋಗಿ ಅಯ್ಯನವರ ಹಿಂದೆ ನಿಂತರು. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಲೋಕದಲ್ಲಿ ಕೆಲವು ಸಾಮಾನು ಅಲ್ಲಾಡದೆ ನಿಲ್ಲಬೇಕು, ಕೆಲವು ಉರುಳುತ್ತಲೇ ಇರಬೇಕು. ಯಾವುದು ಯಾವುದೆಂದು ಹೇಳುವ ಮಟ್ಟಗೋಲನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ ಎಂದೆಲ್ಲ ಯೋಚಿಸುತ್ತಾ, ಕೈ ಸುಮ್ಮನಿರದೆ, ಮಷೀನಿನ ಕಾಲಿನ ಕಡೆ ಬಗ್ಗಿದೆ. ಸಾಲಿನಿಂದ ಮಾವನವರ ದನಿ ಬಂತು.

“ಅಳಿಯಂದಿರೇ, ಅದನ್ನ ಮುಟ್ಬೇಡಿ. ನಂದಿನ್ನೂ ಎರಡನೇ ಆಟ ಆಗಿಲ್ಲ.”