ಏಟಯ್ಯನ ಎಣಿಕೆ

ಏಟಯ್ಯನ ಬಲಗೈ ತೋರುಬೆರಳು ನಡುಗೆಣ್ಣಿನಲ್ಲಿ ಮುರಿದು, ಎಡಕ್ಕೆ ವಾಲಿಕೊಂಡೇ ಕೂಡಿಕೊಂಡಿತ್ತು. ಯಾವುದೋ ಬಂದೋಬಸ್ತಿನ ದಿನ ಬಿದ್ದ ಕಲ್ಲಿನ ಗುರುತು. ಹಾಗಾಗಿ ಅವರು ನಿಮ್ಮತ್ತ ಬೆರಳು ಮಾಡಿದರೆ ಅದು ನಿಮ್ಮನ್ನಲ್ಲ, ನಿಮ್ಮ ಪಕ್ಕದವರನ್ನು ತೋರಿಸುತ್ತಿತ್ತು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಅಲ್ಲಿಗೇ ತೋರಿಸುತ್ತಿತ್ತು.

ಅವರ ಬಗ್ಗೆ ನಮ್ಮೂರು ಕೆಲಮಂಗಲದಲ್ಲಿ ಈಗ ಓಡಾಡುವ ಕತೆ ಒಂದೇ. ಕೆರೆಯಂಗಳದಲ್ಲಿ ಓಟ ಕಲಿಸುತ್ತಿದ್ದ ಏಟಯ್ಯನಿಗೆ ಸತ್ತ ಹುಡುಗನೊಬ್ಬ ಗಂಟುಬಿದ್ದ, ದಿನಾ ಬೆಳಿಗ್ಗೆ ಅವನೂ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದ, ಕೊನೆಗೆ ಅವರನ್ನು ಕರೆದುಕೊಂಡೇ ಹೋದ. ಈ ಕತೆಗೆ ನನ್ನ ಆಕ್ಷೇಪವಿದೆ. ಏಟಯ್ಯ ಹೋದದ್ದು ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದು, ಮಗಳ ಮನೆಯ ಮಂಚದ ಮೇಲೆ. ಅಷ್ಟು ಹೊತ್ತಿಗೆ ಹುಡುಗ ಸತ್ತು ಆರು ವರ್ಷವಾಗಿತ್ತು. ಕರೆದುಕೊಂಡು ಹೋಗಲೆಂದೇ ಬಂದವನು ಆರು ವರ್ಷ ಯಾಕೆ ಕಾಯುತ್ತಾನೆ? ಇನ್ನೂ ಒಂದು ಮಾತು: ಈ ಕತೆ ಹೇಳುವವರಲ್ಲಿ ಒಬ್ಬರೂ ಬೆಳಗಿನ ಐದೂವರೆಗೆ ಕೆರೆಯಂಗಳಕ್ಕೆ ಬಂದವರಲ್ಲ. ನಾನು ಹದಿನಾಲ್ಕು ತಿಂಗಳು ಹೋಗಿದ್ದೇನೆ.

ಹೆಡ್ ಕಾನ್‌ಸ್ಟೇಬಲ್‌ಗೆ ತಮಿಳುನಾಡಿಗೆ ಸೇರಿದ ನಮ್ಮ ಗಡಿಯ ಕಡೆ ತಮಿಳಿನ ರೂಢಿಯಂತೆ ಏಟಯ್ಯ ಅನ್ನುತ್ತಾರೆ. ನಿವೃತ್ತಿಯಾದ ಮೇಲೂ ಅವರಿಗೆ ಆ ಹೆಸರೇ ಉಳಿಯಿತು. ಪೊಲೀಸ್ ಆಯ್ಕೆಗೆ ಅರ್ಜಿ ಹಾಕಿದ ಊರ ಹುಡುಗ ಹುಡುಗಿಯರನ್ನು ಸೇರಿಸಿ, ಬತ್ತಿದ ಕೆರೆಯಂಗಳದಲ್ಲಿ ಸುಣ್ಣದ ಗೆರೆ ಎಳೆದು ಓಡಿಸುತ್ತಿದ್ದರು. ಎಣಿಕೆ ತಮಿಳಿನಲ್ಲಿ, ಬೈಗುಳ ಕನ್ನಡದಲ್ಲಿ, ಯಾರಾದರೂ ಬಿದ್ದು ಮಂಡಿ ತರಚಿಕೊಂಡರೆ ಸಮಾಧಾನ ಮಾತ್ರ ತೆಲುಗಿನಲ್ಲಿ. ಚಳಿಗಾಲದಲ್ಲಿ ರಾಗಿ ಹೊಲಗಳಿಗೆ ಕಾಡಿನಿಂದ ಆನೆ ಇಳಿಯುವುದರಿಂದ, ನಾವು ಬರುವ ಮುಂಚೆಯೇ ಟಾರ್ಚು ಹಿಡಿದು ಇಡೀ ಅಂಗಳ ಸುತ್ತಿ ಬಂದಿರುತ್ತಿದ್ದರು. ಲದ್ದಿ ಕಂಡರೆ ಕಾಲಿನ ಹೆಬ್ಬೆರಳು ತಾಗಿಸಿ ನೋಡುತ್ತಿದ್ದರು. "ತಣ್ಗದೆ, ಓಡ್ರಲಾ" ಎಂದರೆ ಓಟ. ಬಿಸಿಯಿದ್ದರೆ ಆ ದಿನ ಮನೆಗೆ.

ನಾವು ಹತ್ತು ಜನ. ಓಟಕ್ಕೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಆ ಡೊಂಕು ಬೆರಳಿನಲ್ಲಿ ನಮ್ಮನ್ನು ಎಣಿಸುತ್ತಿದ್ದರು. ಒಣ್ಣು, ರೆಂಡು, ಮೂಣು... ಸಾಲಿನ ಕೊನೆಯವಳು ನಾನು, ಹತ್ತನೆಯವಳು. ಬೆರಳು ನನ್ನನ್ನು ದಾಟಿ ಮಂಜಿನೊಳಗೆ ಇನ್ನೊಂದು ಮೊಳ ಹೋಗುತ್ತಿತ್ತು. "ಪದಿನೊಣ್ಣು" ಎಂದು ಕೈ ಇಳಿಸುತ್ತಿದ್ದರು. ಹನ್ನೊಂದು.

ಕಾಲೇಜಿನ ಮೂರು ವರ್ಷ ಚರ್ಚಾಸ್ಪರ್ಧೆಯಲ್ಲಿ ಕಳೆದವಳು ನಾನು. ಮೂಢನಂಬಿಕೆಯ ಮೇಲಿನ ವಿಷಯವಿದ್ದರೆ ತೀರ್ಪುಗಾರರು ನನ್ನ ಮುಖ ನೋಡಿಯೇ ಅಂಕ ಬರೆದುಕೊಳ್ಳುತ್ತಿದ್ದರು. ನಾಲ್ಕನೆಯ ದಿನ ತಡೆಯಲಾಗಲಿಲ್ಲ.

"ಏಟಯ್ಯಾ, ನಾವು ಹತ್ತೇ ಜನ. ನಿಮ್ಮನ್ನೂ ಸೇರಿಸ್ಕೊಂಡು ಎಣಿಸ್ತೀರಾ?"

"ನಾನ್ಯಾಕಮ್ಮಿ ಓಡ್ಲಿ? ನಂಗೆ ಮಂಡಿ ನೋವು."

"ಹಂಗಾದ್ರೆ ಹನ್ನೊಂದನೇದು ಯಾರು? ಸಾಕ್ಷಿ ಏನು?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಏಟಯ್ಯ ನಗಲಿಲ್ಲ. "ಲಾಯ್ರಮ್ಮ ಬಂದವ್ಳೆ ಕಣ್ರಲಾ. ಲಾಯ್ರಮ್ಮಂಗೆ ಎರಡು ರೌಂಡು ಜಾಸ್ತಿ. ಲೆಕ್ಕ ನಂದು, ಓಟ ನಿಂದು. ನಡಿ!"

ಅಂದಿನಿಂದ ನಾನು ಲಾಯ್ರಮ್ಮ. ಡೊಂಕು ಬೆರಳಿನಿಂದ ಆಗುವ ತಪ್ಪೆಣಿಕೆ ಎಂಬುದು ನನ್ನ ಮೊದಲ ವಾದವಾಗಿತ್ತು. ಅದು ಗುಗ್ಗರಿಯ ಮುಂದೆ ಬಿದ್ದುಹೋಯಿತು. ಓಟ ಮುಗಿದ ಮೇಲೆ ಬೇಯಿಸಿದ ಹುರುಳಿಕಾಳಿನ ಗುಗ್ಗರಿಯನ್ನು ಮುತ್ತುಗದ ಎಲೆಯಲ್ಲಿ ಕೊಡುತ್ತಿದ್ದರು, ಅವರೇ ಮನೆಯಿಂದ ತಂದದ್ದು. ಎಲೆಗಳೂ ಹನ್ನೊಂದು. ಕೊನೆಯದನ್ನು ತೂಬಿನ ಕಲ್ಲಿನ ಮೇಲೆ ಇಟ್ಟು ಬರುತ್ತಿದ್ದರು. ನಾವು ಹೊರಡುವ ಹೊತ್ತಿಗೆ ಎಲೆ ಖಾಲಿ. ನಾಯಿ ಅಂದೆ ನಾನು. ಇರಬಹುದು. ಆದರೆ ನಾಯಿ ತಿಂದ ಎಲೆ ಹಾಗೆ ಮಡಿಸಿದಂತೆ ಬಿದ್ದಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಬ್ ಇನ್‌ಸ್ಪೆಕ್ಟರ್ ಹುದ್ದೆಯ ಲಿಖಿತ ಪರೀಕ್ಷೆ ಪಾಸಾಗಿ, ಓಟದ ಪರೀಕ್ಷೆಗೆ ಎರಡು ತಿಂಗಳು ಉಳಿದಿತ್ತು. ಆಗ ನನಗೆ ಅದು ಶುರುವಾಯಿತು. ನನ್ನೊಳಗೆ ಒಬ್ಬ ಎದುರು ಪಕ್ಷದವನು ಬಂದು ಕೂತ. ನೀನು ಯಾತಕ್ಕೂ ಬಾರದವಳು, ನೀನಿಲ್ಲದಿದ್ದರೆ ಮನೆಗೆ ಹಗುರ, ಎಂಬುದು ಅವನ ವಾದ. ಒಂದೇ ಒಂದು ಸಾಕ್ಷಿ ಅವನ ಹತ್ತಿರ ಇರಲಿಲ್ಲ. ಆದರೂ ದಿನಾ ಅವನೇ ಗೆಲ್ಲುತ್ತಿದ್ದ. ಎಂಟು ದಿನ ತಲೆ ಬಾಚಲಿಲ್ಲ. ಬಾಚಣಿಗೆ ಎತ್ತಲು ಕೈ ಬರುತ್ತಿರಲಿಲ್ಲ ಎಂದರೆ ಅವ್ವನಿಗೆ ಅರ್ಥವಾಗಲಿಲ್ಲ. "ಕೆರೆ ಗಾಳಿ ಸೋಕದೆ" ಎಂದು ತಾಯಿತ ಕಟ್ಟಿಸಲು ಓಡಾಡತೊಡಗಿದಳು.

ಆದರೂ ಕೆರೆಯಂಗಳಕ್ಕೆ ಹೋಗುತ್ತಿದ್ದೆ, ಅಭ್ಯಾಸಬಲದಿಂದ. ಒಂದು ಬೆಳಿಗ್ಗೆ ಎಲ್ಲರಿಗಿಂತ ಹಿಂದೆ ಬಿದ್ದು ಒಬ್ಬಳೇ ಓಡುತ್ತಿದ್ದೆ. ಹಿಂದೆ ಇನ್ನೊಂದು ಜೊತೆ ಹೆಜ್ಜೆ ಕೇಳಿಸಿತು. ನನ್ನ ಹೆಜ್ಜೆಯ ಪ್ರತಿಧ್ವನಿಯಲ್ಲ, ಲಯ ಬೇರೆಯಿತ್ತು. ನಿಂತೆ. ನಾನು ನಿಂತ ಮೇಲೂ ಎರಡು ಹೆಜ್ಜೆ ಬಿದ್ದು, ಆಮೇಲೆ ಅದೂ ನಿಂತಿತು. ಬಹಳ ಹತ್ತಿರದಲ್ಲಿ. ನಿದ್ದೆಯಿಲ್ಲದ ಮಿದುಳು ಏನನ್ನು ಬೇಕಾದರೂ ಕೇಳಿಸಿಕೊಳ್ಳುತ್ತದೆ. ಇದು ನನ್ನ ವಾದ, ಇವತ್ತಿಗೂ. ಆದರೆ ನಾನು ಯಾರಿಗೂ ಏನೂ ಹೇಳುವ ಮುಂಚೆಯೇ ಏಟಯ್ಯ ಮಂಜಿನಿಂದ ಎದ್ದು ಬಂದವರ ಹಾಗೆ ಎದುರು ನಿಂತಿದ್ದರು.

"ಹಿಂದಕ್ಕೆ ನೋಡ್ಬ್ಯಾಡ" ಎಂದರು. "ನಿದ್ದೆ ಮಾಡಿ ಎಷ್ಟು ದಿನ ಆಯ್ತಮ್ಮಿ?"

ಮಾರನೆಯ ದಿನವೇ ಮನೆಗೆ ಬಂದರು. ಅವ್ವನಿಗೆ ಹೇಳಿದ್ದು ಇಷ್ಟು: "ತಾಯಿತ ಕಟ್ಸವ್ವ, ನಾನ್ ಬ್ಯಾಡ ಅನ್ನಾಕಿಲ್ಲ. ಆಸ್ಪತ್ರೆಗೆ ಮಾತ್ರ ನಾನ್ ಕರ್ಕೊಂಡ್ ಹೋಯ್ತೀನಿ." ಹೊಸೂರಾದರೆ ಹೆಜ್ಜೆಗೊಬ್ಬರು ನಮ್ಮೂರಿನವರು ಸಿಗುತ್ತಾರೆಂದು ಕೃಷ್ಣಗಿರಿಗೆ ಹೋದೆವು. ಡಾಕ್ಟರಮ್ಮ ಮುಕ್ಕಾಲು ಗಂಟೆ ತಮಿಳಿನಲ್ಲಿ ಮಾತಾಡಿಸಿದರು. ಇದು ಡಿಪ್ರೆಶನ್, ಇದಕ್ಕೆ ಚಿಕಿತ್ಸೆಯಿದೆ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ ಎಂದರು. ಏಟಯ್ಯ ಹೊರಗೆ ಬೆಂಚಿನ ಮೇಲೆ ನನ್ನ ಚಪ್ಪಲಿ ಕಾಯುತ್ತಾ ಕೂತಿದ್ದರು.

ವಾಪಸು ಬರುವ ಬಸ್ಸಿನಲ್ಲಿ ನಾನು ನನ್ನ ವಾದ ಮಂಡಿಸಿದೆ. ಮಾತ್ರೆ ಶುರುಮಾಡಿದರೆ ಅದು ದಾಖಲೆ. ದಾಖಲೆಯಿದ್ದರೆ ಮೆಡಿಕಲ್‌ನಲ್ಲಿ ಪ್ರಶ್ನೆ. ಪ್ರಶ್ನೆ ಬಂದರೆ ಕೆಲಸ ಹೋದಂತೆಯೇ. ಆದ್ದರಿಂದ ಆಯ್ಕೆ ಪಟ್ಟಿ ಬರುವ ತನಕ ಮಾತ್ರೆ ಎತ್ತಿಟ್ಟು, ಆಮೇಲೆ ನುಂಗುವುದು.

"ಇನ್ನೊಂದ್ಸಲ ಹೇಳು" ಎಂದರು. ಹೇಳಿದೆ. ರಾಯಕೋಟೆ ದಾಟಿದ್ದೆವಷ್ಟೆ, ಎದ್ದು ನಿಂತು ಬಸ್ ನಿಲ್ಲಿಸಿದರು. ಟೊಮೆಟೊ ಹೊಲದ ಪಕ್ಕದ ಮೋರಿಕಟ್ಟೆಯ ಮೇಲೆ ಕೂತೆವು.

"ಇವೇ ಮಾತು. ಒಂದಕ್ಷರ ಆಚೀಚೆ ಇಲ್ಲ."

"ಯಾರ ಮಾತು?"

"ನಂದೇ. ನಿನಗಿಂತ ಮುಂಚೆ ಒಬ್ಬ ಹುಡುಗ ಬತ್ತಿದ್ದ. ಅವನ್ಗೂ ಇಂಗೇ, ಮಾತ್ರೆ ಕೊಟ್ಟಿದ್ರು. ನುಂಗ್ಲಾ ಬ್ಯಾಡ್ವಾ ಏಟಯ್ಯ ಅಂತ ಕೇಳ್ದ. ಮಡಗ್ಬುಡು ಕಣ್ಲಾ, ಪಟ್ಟಿ ಬರ್ಲಿ, ಆಮ್ಯಾಕೆ ನುಂಗೀವಂತೆ ಅಂದೆ. ಡಿಪಾರ್ಟ್‌ಮೆಂಟ್‌ನಲ್ಲಿದ್ದೋನು ಹೇಳವ್ನೆ ಅಂತ ನಂಬ್ಬುಟ್ಟ." ಡೊಂಕು ಬೆರಳನ್ನು ನೀವಿಕೊಂಡರು. "ಪಟ್ಟೀಲಿ ಅವನ ಹೆಸ್ರಿತ್ತು. ಅವ್ನಿರ್ಲಿಲ್ಲ."

ಪಟ್ಟಿ ಬರಲು ಹನ್ನೆರಡು ದಿನವಿದ್ದಾಗ ಅವನು ತಾನಾಗಿಯೇ ಜೀವ ಕಳೆದುಕೊಂಡಿದ್ದ.

"ಹನ್ನೊಂದು ಅಂತ ಎಣಿಸ್ತೀರಲ್ಲಾ," ಎಂದೆ, "ಅದು ಅವನನ್ನೇನಾ?"

ಅವರು ರಸ್ತೆಯ ಕಡೆ ಬೆರಳು ಮಾಡಿದರು. "ಬಸ್ ಬಂತು, ಏಳು. ಮಾತ್ರೆ ನುಂಗಿದ್ಕೆ ನಿಂಗೆ ಕೆಲ್ಸ ಸಿಗ್ದೆ ಹೋದ್ರೆ ನಿಮ್ಮವ್ವ ನನ್ನ ಬೈತಾಳೆ. ಬೈಸ್ಕೊಂತೀನಿ, ಬುಡು."

ಅಂದಿನಿಂದ ಗುಗ್ಗರಿ ತಿಂದ ಮೇಲೆ ಅವರ ಎದುರೇ ಮಾತ್ರೆ ನುಂಗಬೇಕು. ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕು. "ಕಳ್ಳರ ಬಾಯಿ ನೋಡಿ ಅಭ್ಯಾಸ ನಂಗೆ. ನಾಲ್ಗೆ ಎತ್ತಮ್ಮಿ." ಐದಾರು ವಾರ ಕಳೆಯಿತು. ಒಂದು ಬೆಳಿಗ್ಗೆ ನನಗೇ ಗೊತ್ತಿಲ್ಲದೆ ತಲೆ ಬಾಚಿಕೊಂಡು ಹೋಗಿದ್ದೆ. ಎದುರು ಪಕ್ಷದವನು ಇನ್ನೂ ಇದ್ದ, ಆದರೆ ಅವನ ದನಿ ಕುಗ್ಗಿತ್ತು. ಹಿಂದೆ ಕೇಳಿಸುತ್ತಿದ್ದ ಹೆಜ್ಜೆ ನಿಂತುಹೋಗಿತ್ತು. ಏಟಯ್ಯನ ಎಣಿಕೆ ಮಾತ್ರ ಹತ್ತಕ್ಕೆ ನಿಲ್ಲಲಿಲ್ಲ.

ಓಟದಲ್ಲಿ ಪಾಸಾದೆ. ಆಮೇಲೆ ನನ್ನ ನಡತೆ ವಿಚಾರಿಸಲು ಮಫ್ತಿಯ ಪೊಲೀಸರೊಬ್ಬರು ಬೈಕಿನಲ್ಲಿ ಬಂದರು. ಅಂಥವರು ಮನೆಗೆ ಬರುವ ಮುಂಚೆ ಟೀ ಅಂಗಡಿಗೆ ಹೋಗುತ್ತಾರೆ. ಕೆರೆ ಏರಿಯ ಅಂಗಡಿಯಾಕೆ ಟೀ ಜೊತೆಗೇ ಸುದ್ದಿಯನ್ನೂ ಕೊಟ್ಟಿದ್ದಳು: "ಒಳ್ಳೆ ಹುಡ್ಗೀನೇ ಸಾ. ಆದ್ರೆ ಕೃಷ್ಣಗಿರೀಲಿ ಮೆಂಟಲ್ ಡಾಕ್ಟ್ರ ಬಾಗಿಲಲ್ಲಿ ಕೂತಿದ್ಲು ಅಂತ ನಮ್ಮ ನಾದಿನಿ ನೋಡವ್ಳೆ."

ಏಟಯ್ಯ ಅಲ್ಲೇ ಬೆಂಚಿನ ಮೇಲಿದ್ದರು. ಅವ್ವ ಕಳಿಸಿದ್ದಳೆಂದು ಆ ಪೊಲೀಸರನ್ನು ಮನೆಗೆ ಕರೆಯಲು ಹೋಗಿದ್ದ ನಾನು ಬಾಗಿಲ ಹೊರಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ.

"ಮೆಂಟಲ್ಲೂ ಇಲ್ಲ, ಏನೂ ಇಲ್ಲ ತಂಬಿ," ಎಂದರು ಏಟಯ್ಯ, ಟೀ ಆರಿಸುತ್ತಾ. "ಗಾಳಿ ಸೋಕಿತ್ತು. ಈ ಅಂಗಳದಲ್ಲಿ ಒಬ್ಬ ಹುಡುಗ ಅವ್ನೆ, ನಾನು ದಿನಾ ಎಣಿಸ್ತೀನಿ. ಇವ್ಳ ಹಿಂದೆ ನಾಕು ದಿನ ಓಡ್ದ. ತಾಯಿತ ಕಟ್ಟಿಸಿದ್ವಿ, ಬುಟ್ಬುಟ್ಟ."

ಬಂದವರು ಡೈರಿಯಲ್ಲಿ ಬರೆಯುತ್ತಿದ್ದ ಕೈ ನಿಲ್ಲಿಸಿದರು. ಕೆರೆಯ ಕಡೆ ಒಮ್ಮೆ ನೋಡಿ, ಉಡಿದಾರಕ್ಕೆ ಕಟ್ಟಿದ್ದ ತಾಯಿತವನ್ನು ಅಂಗಿಯ ಮೇಲಿನಿಂದಲೇ ಮುಟ್ಟಿಕೊಂಡರು. ಡೈರಿ ಮುಚ್ಚಿದರು. ದೆವ್ವಕ್ಕೆ ಅವರು ಕೊಡಬೇಕಾದ ವರದಿಯಲ್ಲಿ ಕಾಲಂ ಇರಲಿಲ್ಲ.

ಅವರು ಹೋದ ಮೇಲೆ ನಾನು ಕೂಗಾಡಿಬಿಟ್ಟೆ. ನನಗೆ ದೆವ್ವ ಹಿಡಿದಿತ್ತು ಅಂತ ಸರ್ಕಾರಕ್ಕೆ ಹೇಳ್ತೀರಾ? ನಾನು ಜನ್ಮವೆಲ್ಲ ವಾದಿಸಿದ್ದು ಯಾತಕ್ಕೆ?

"ಕಿರುಚ್ಬ್ಯಾಡ ಲಾಯ್ರಮ್ಮ. ಗಾಳಿ ಸೋಕಿದೋಳ್ಗೆ ನಾಳೆ ಕೆಲ್ಸಾನೂ ಸಿಕ್ತದೆ, ಗಂಡೂ ಸಿಕ್ತಾನೆ. ಮೆಂಟಲ್ ಅಂದ್ರೆ ಎರಡೂ ಇಲ್ಲ. ಈ ಕಾನೂನು ನಾನ್ ಮಾಡಿದ್ದಲ್ಲ."

"ಮೆಡಿಕಲ್ಲಲ್ಲೂ ದೆವ್ವ ಅಂತೀನಾ ಹಂಗಾದ್ರೆ?"

"ಅಲ್ಲಿ ಕೇಳೋದು ಡಾಕ್ಟ್ರು. ಚೀಟಿ ಮುಂದಕ್ಕೆ ಮಡಗು, ಮಾತ್ರೆ ತೋರ್ಸು. ಊರಿಗೆ ದೆವ್ವ ಸಾಕು. ಡಾಕ್ಟ್ರಿಗೆ ನಿಜ ಬೇಕು."

ಮಡಗಿದೆ. ಮೆಡಿಕಲ್ ದಿನ ಡಾಕ್ಟರು ಚೀಟಿಯನ್ನು ಎರಡು ಸಲ ಓದಿ, ಚಿಕಿತ್ಸೆ ಕೊಟ್ಟವರ ಪತ್ರ ತರಲು ಹೇಳಿದರು. ತಂದುಕೊಟ್ಟೆ. ಇಪ್ಪತ್ತು ದಿನ ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಳು, "ಯಾಕ್ ತೋರ್ಸಕ್ಕೆ ಹೋದೆ" ಎಂದು. ಪಟ್ಟಿ ಬಂತು. ಹೆಸರಿತ್ತು, ನಾನೂ ಇದ್ದೆ.

ಸುದ್ದಿ ಹೇಳಲು ಹೋದಾಗ ಏಟಯ್ಯ ಸೆಲ್ಯೂಟ್ ಹೊಡೆದರು. ಡೊಂಕು ಬೆರಳು ಹಣೆಗೆ ತಾಗಲಿಲ್ಲ, ಪಕ್ಕದ ಗಾಳಿಯಲ್ಲೇ ನಿಂತಿತು.

ತರಬೇತಿ ಮುಗಿದು ಬೇರೆ ಜಿಲ್ಲೆಗೆ ಹೋದ ಮೇಲೆ, ಬಿಡುವಿದ್ದಾಗೆಲ್ಲ ಅವರನ್ನೇ ಯೋಚಿಸಿದ್ದೇನೆ. ಆ ಎಣಿಕೆ ಪ್ರಾಯಶ್ಚಿತ್ತವೇ? ಅಥವಾ, ನಮ್ಮಂಥವರಿಗೆ ಒಂದು ದಿನ ಬೇಕಾದೀತೆಂದು ಊರೆಲ್ಲ ನಂಬುವ ದೆವ್ವವೊಂದನ್ನು ದಿನಕ್ಕೊಂದು ಎಲೆ ಗುಗ್ಗರಿ ಹಾಕಿ ಸಾಕುತ್ತಿದ್ದರೇ? ಎರಡಕ್ಕೂ ಪುರಾವೆಯಿದೆ. ಮೂರನೆಯ ಸಾಧ್ಯತೆಯನ್ನು ನಾನು ಒಪ್ಪುವುದಿಲ್ಲ. ಒಪ್ಪುವುದಿಲ್ಲ ಎಂದರೂ ಆ ಎರಡು ಹೆಜ್ಜೆಯ ಸದ್ದು ನನ್ನ ಕಿವಿಯಲ್ಲಿದೆ.

ಕೊನೆಯ ಸಲ ಕಂಡದ್ದು ಆಲಸನತ್ತಂನಲ್ಲಿ, ಅವರ ಮಗಳ ಮನೆಯಲ್ಲಿ. "ಅಪ್ಪ ಮಾತಾಡೋದು ನಿಲ್ಸವ್ರೆ ಕಣಕ್ಕ," ಎಂದಳು ಮಗಳು, "ಬೆಳಿಗ್ಗೆ ಹೊತ್ತು ಬೆರಳು ಮಾತ್ರ ಆಡಿಸ್ತಾರೆ." ನೀರು ತರಲೆಂದು ಅವಳು ಒಳಗೆ ಹೋದಳು. ಕಿಟಕಿಯಿಂದ ಹಗಲು ಬೆಳಕು ಚೆನ್ನಾಗಿ ಬೀಳುತ್ತಿತ್ತು. ಏಟಯ್ಯ ಕಣ್ಣು ತೆರೆದು ನನ್ನನ್ನು ಗುರುತಿಸಿದರು. ಚೀಲದಿಂದ ಮಾತ್ರೆಯ ಸ್ಟ್ರಿಪ್ ತೆಗೆದು ತೋರಿಸಿದೆ. ಡಾಕ್ಟರಮ್ಮ ಇನ್ನೂ ನಿಲ್ಲಿಸಿಲ್ಲ ಎಂದೆ. ಅವರ ತುಟಿಯ ಒಂದು ಕೊನೆ ಮೇಲೆದ್ದಿತು. ಆಮೇಲೆ ಹೊದಿಕೆಯ ಕೆಳಗಿನಿಂದ ಆ ಬೆರಳು ಹೊರಬಂದು ನನ್ನತ್ತ ಎದ್ದಿತು. ಎಂದಿನಂತೆ ನನ್ನನ್ನಲ್ಲ, ನನ್ನ ಬಲಪಕ್ಕವನ್ನು ತೋರಿಸುತ್ತಾ. ನಾನು ತಿರುಗಿ ನೋಡಲಿಲ್ಲ.

ನಾಲ್ಕನೆಯ ದಿನ ಅವರು ಹೋದರು. ಇವತ್ತು ಸಮವಸ್ತ್ರ ಹಾಕಿಕೊಂಡು ಉಸಿರಾಡುತ್ತಿರುವುದು ಯಾರ ಋಣವೆಂದು ಯಾರಾದರೂ ಕೇಳಿದರೆ ವಾದವಿಲ್ಲದೆ ಒಪ್ಪಿಕೊಳ್ಳುತ್ತೇನೆ. ಆದರೆ ಆ ಕೊನೆಯ ಭೇಟಿಯಲ್ಲಿ ಮಂಚದ ಪಕ್ಕ ಬಗ್ಗಿ ನಾನು ಕೇಳಿದ ಒಂದೇ ಒಂದು ಪ್ರಶ್ನೆಯ ಮೇಲಿನ ವಾದ ಇನ್ನೂ ಮುಗಿದಿಲ್ಲ:

"ಏಟಯ್ಯಾ, ಆವತ್ತು ನಾನು ಮಾತ್ರೆ ಎತ್ತಿಟ್ಟುಬಿಟ್ಟಿದ್ರೆ ಸಾಲಲ್ಲಿ ಒಂಬತ್ತೇ ಜನ ಉಳೀತಿದ್ರಲ್ಲಾ, ಆಗ್ಲೂ ನಿಮ್ಮ ಎಣಿಕೆ ಹನ್ನೊಂದಕ್ಕೇ ಬಂದು ನಿಲ್ತಿತ್ತಾ?"